ನಾಗಮ್ಮ ಒಡೆಯಗೊಡದ ಬಳೆಗಳು

ಗಂಡ ವೈಜನಾಥ ತೀರಿಕೊಂಡ ದಿನ, ಬಳೆ ಒಡೆಯಲು ಬಂದ ಹೆಂಗಸರ ಮುಂದೆ ನಾಗಮ್ಮ ಕೈ ಚಾಚಲೇ ಇಲ್ಲ. ಎರಡೂ ಕೈ ಸೆರಗಿನೊಳಗೆ ಹುದುಗಿಸಿ ಗೋಡೆಗೆ ಆತು ಕೂತಳು. ಎಳೆದಾಡಿ ಎಳೆದಾಡಿ ಅವರೇ ಸೋತರು. ಬೀದರ್ ಕಡೆಯಿಂದ ಬಂದು ಅವಳಂತೆಯೇ ಸಂಭಾಜಿನಗರದಲ್ಲಿ ನೆಲೆಸಿದ ನೆಂಟರ ಬಾಯಲ್ಲಿ ಆ ಮಾತು ಇನ್ನೂ ಆರಿಲ್ಲ.

ಹಸಿರು ಬಳೆ ಉಳಿದವು. ಆದರೆ ಒಂದು ಒಡೆದರೂ ವಿಧವೆಗೆ ಮತ್ತೆ ತೊಡಿಸುವವರು ಯಾರು? ಅದಕ್ಕೇ ಅವಳು ಅವನ್ನು ಬಿಚ್ಚಲೇ ಇಲ್ಲ. ಜೋಳದ ರೊಟ್ಟಿ ಬಡಿದು ಮಾರಿಯೇ ಮಗಳು ಲತಾಳನ್ನು ಓದಿಸಿದಳು. ದಿನಾ ಹಿಟ್ಟಿಗೆ ಕೈಹಾಕುವ ಮುನ್ನ ಬಳೆಗಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಬಿಗಿಯಾಗಿ ದೂಡಿಕೊಳ್ಳುವಳು. ವರ್ಷ ಕಳೆದಂತೆ ಮೈ ತುಂಬಿತು, ಬಳೆ ಅಷ್ಟೇ ಇದ್ದವು.

ಈಚೆಗೆ ಬಲಗೈ ಹೆಬ್ಬೆರಳಿನ ಹಿಂಬದಿ ಜೋಮು ಹಿಡಿಯಿತು. ಒಮ್ಮೆ ಹೆಂಚು ತಾಗಿದ್ದೇ ತಿಳಿಯದೆ ಬೊಬ್ಬೆ ಎದ್ದಿತು. ಲತಾ ಕೂಸನ್ನು ಎತ್ತಿಕೊಂಡು ನಾಶಿಕದ ಗಂಡನ ಮನೆಯಿಂದ ಓಡಿಬಂದಳು. ಲಕ್ವವೋ, ಸಕ್ಕರೆ ಕಾಯಿಲೆಯೋ ಎಂದು ಬಸ್ಸಿನುದ್ದಕ್ಕೂ ಮೊಬೈಲ್‌ನಲ್ಲಿ ಓದಿ ಓದಿ ಅರ್ಧ ಜೀವವಾಗಿದ್ದಳು. ಡಾಕ್ಟರು ಮಾತ್ರ ಬಳೆಯನ್ನೇ ತೋರಿಸಿದರು. ಹೆಬ್ಬೆರಳಿಗೆ ಹೋಗುವ ನರ ಅಲ್ಲಿ ಎಲುಬಿನ ಮೇಲೆ, ಚರ್ಮದ ಕೆಳಗೇ ಇದೆಯಂತೆ. ಬಳೆ ಅದನ್ನೇ ಒತ್ತುತ್ತಿದೆಯಂತೆ. ತೆಗೆದರೆ ನಿಧಾನಕ್ಕೆ ಗುಣ, ಇಲ್ಲದಿದ್ದರೆ ಬೆರಳು ಹೀಗೇ ಉಳಿದೀತು.

ಸುದ್ದಿ ತಿಳಿದು ನೆಗೆಣ್ಣಿ ಸುಮಂಗಲಾ ಬಂದಳು.

"ಆವತ್ತೇ ತೆಗಿ ಅಂದಿದ್ವಿ. ಈಗ ದೇವರೇ ತೆಗಸ್ಲತ್ತಾನ ನೋಡು."

"ದೇವರಲ್ಲಕ್ಕ, ಡಾಕ್ಟರು. ಅಲ್ಲಿ ಸೋಪ್ ಅದ, ಇತ್ತ ಕೊಡು."

ಸುಮಂಗಲಾ ಕೊಟ್ಟಳು. ಒಂದೂ ಒಡೆಯದೆ ಬಳೆಗಳು ಕೈ ದಾಟಿ ಬಂದವು. ಮುಂಗೈಯಲ್ಲಿ ಬಿಳಿಚಿದ ಗೆರೆ ಬಿದ್ದಿತ್ತು. ಕಡೆಗೂ ಬೋಳು ಕೈ ಕಂಡೆನೆಂಬ ಸಮಾಧಾನದಿಂದ ಸುಮಂಗಲಾ ಚಹಾ ಕುಡಿದು ಹೋದಳು.

ಅದೇ ಸಂಜೆ ನಾಗಮ್ಮ ಮಗಳೊಂದಿಗೆ ಲಾಲಸಾಬನ ಬಳೆ ಅಂಗಡಿಗೆ ಹೋದಳು. ಬೆರಳು ಪೂರ್ತಿ ಗುಣವಾಗಲಿ, ಆಮೇಲೆ ನೋಡೋಣ ಎಂದು ಲತಾ ದಾರಿಯುದ್ದಕ್ಕೂ ಗೋಗರೆದಳು. ಲಾಲಸಾಬ ಎಂದಿನಂತೆ ಲತಾಳ ಕೈಯತ್ತಲೇ ಕೈಚಾಚಿದ.

"ಅಕಿಗಲ್ಲ, ನನಗ. ಎರಡು ಸೈಜ್ ದೊಡ್ಡವು ಕೊಡಪ್ಪ. ಹಸಿರವೇ."

ಅಷ್ಟು ಸಡಿಲ ಬಳೆ ದಾರಿಯಲ್ಲೇ ಬಿದ್ದುಹೋದಾವು ಎಂದ ಅವನು, ತೊಡಿಸಲೋ ಬೇಡವೋ ಎಂದು ತಡವರಿಸಿದ. ನಾಗಮ್ಮ ಬಳೆ ಇಸಿದುಕೊಂಡು ತಾನೇ ತೊಟ್ಟಳು. ಸೋಪಿಲ್ಲ, ಎಣ್ಣೆಯಿಲ್ಲ, ಸಲೀಸಾಗಿ ಏರಿದವು.

"ಬೀಳಲಿ ಬಿಡಪ್ಪ, ಮತ್ತ ಬರ್ತೀನಿ," ಎಂದಳು. "ರೊಟ್ಟಿ ಬಡಿಯೋಮುಂದ ನಾನೇ ತೆಗಿತೀನಿ, ಆಮ್ಯಾಲ ನಾನೇ ಹಾಕೊತೀನಿ. ಯಾರ ಕೈನೂ ಬೇಕಾಗಿಲ್ಲ."