ತಿಂಡಿ ಪಟ್ಟಿಯಲ್ಲಿ ಮಾವನ ಹೋಟೆಲಿಲ್ಲ

ಸ್ನೇಹಿತರೇ, ಬೆಂಗಳೂರಿನಲ್ಲಿ ಒಳ್ಳೆಯ ತಿಂಡಿ ಎಲ್ಲೆಲ್ಲಿ ಸಿಗುತ್ತದೆ ಎಂದು ನಿನ್ನೆ ಇಲ್ಲೇ ಬರೆದಿದ್ದೆನಲ್ಲ, ಅದರಲ್ಲಿ ನನ್ನ ಸೋದರಮಾವನ ಹೋಟೆಲನ್ನೇ ಬಿಟ್ಟಿದ್ದೆ. ಕಾಲೇಜು ಮುಗಿಯುವವರೆಗೆ ಅಲ್ಲಿ ಬಿಲ್ಲಿಲ್ಲದೆ ತಿಂದವನಿಗೆ ಅದು ಹೋಟೆಲೆಂದೇ ನೆನಪಾಗಲಿಲ್ಲ.

ಇವತ್ತು ಬೆಳಿಗ್ಗೆ ಕೋಟೇಶ್ವರದ ನಮ್ಮ ಮನೆಯಂಗಳದಲ್ಲಿ ಮಾವನ ಕಾರು ನಿಂತಿತು. ಪಟ್ಟಿ ಓದಿಯೇ ಬೆಂಗಳೂರಿನಿಂದ ಬಂದಿದ್ದಾರೆ ಎಂದುಕೊಂಡೆ. ಮಾವ ಬೈಯಲಿಲ್ಲ. ಅಮ್ಮ ಬಡಿಸಿದ ನೀರುದೋಸೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದರು. ಹೆದರಿಕೆಯಾದದ್ದು ಅದಕ್ಕೇ. ಕೈತೊಳೆದು ಬಂದು ಕೇಳಿದರು:

"ನೀ ಬೆಂಗ್ಳೂರಿಗೆ ಯಾವತ್ತ್ ಹೋಪ್ದ್?"

"ನಾಳೆ ಬಸ್ಸಿಗೆ, ಮಾವ."

"ಬಸ್ ಎಂತಕೆ? ನನ್ ಕಾರಂಗೇ ಬಾ. ಮಾತಾಡುಕಿತ್ತ್."

ಪಟ್ಟಿಯನ್ನು ಈಗಷ್ಟೇ ತಿದ್ದಿದ್ದೇನೆ. ಮೊದಲ ಹೆಸರು ಮಾವನ ಹೋಟೆಲಿನದು. ನಾಳೆ ಕಾರು ಶಿರಾಡಿ ಘಾಟಿ ಹತ್ತಿ ಮಾವನ ಆ ಮಾತು ಶುರುವಾಗುವ ಮೊದಲು ದಯವಿಟ್ಟು ಎಲ್ಲರೂ ಒಂದೊಂದು ಲೈಕ್ ಒತ್ತಿ.