ಹಿತ್ತಲ ಬಿತ್ತನೆಗೆ ರೇಷ್ಮೆ ಸೀರೆ

ಪಾಯಿಂಟ್ ಕುಕ್‌ನಲ್ಲಿ ನಮ್ಮ ಪಕ್ಕದ ಮನೆಯವಳು ಬೋರ್ನಿಯೋ ಕಾಡಿನ ದಯಾಕ್ ಜನರ ಒಂದು ಸಣ್ಣ ಪಂಗಡದವಳು. ಅವಳ ಊರಿನಲ್ಲಿ ಒಬ್ಬರೇ ಬಿತ್ತುವ ಪದ್ಧತಿಯಿಲ್ಲ. ಊರಿಗೆ ಊರೇ ಹೊಲಕ್ಕೆ ಬರುತ್ತದೆ. ಗಂಡಸರು ಚೂಪು ಕೋಲಿನಿಂದ ಗುಳಿ ಮಾಡುತ್ತ ಮುಂದೆ, ಹೆಂಗಸರು ಗುಳಿಗೆ ಭತ್ತ ಹಾಕುತ್ತ ಹಿಂದೆ. ಇಲ್ಲಿ ಹಿತ್ತಲಲ್ಲಿ ಮುಸುಕಿನ ಜೋಳವನ್ನಾದರೂ ಹಾಗೆ ಬಿತ್ತಬೇಕೆಂದು ನಮ್ಮನ್ನೆಲ್ಲ ಕರೆದಳು. ಅಮ್ಮನನ್ನಂತೂ ಕರೆತರಲೇಬೇಕೆಂದಳು.

ಅಮ್ಮನದೇ ಕಷ್ಟ. ಅಪ್ಪ ಹೋದ ಮೇಲೆ ಶುಭಕಾರ್ಯವೆಂದರೆ ಸಾಕು, ಮೂಲೆ ಸೇರುತ್ತಿದ್ದಳು. ಸಿಡ್ನಿಯ ಪ್ಯಾರಮಟ್ಟಾದಲ್ಲಿ ನನ್ನ ತಂಗಿಯ ಗೃಹಪ್ರವೇಶದ ಬೆಳಿಗ್ಗೆಯಿಡೀ ಬಾಲ್ಕನಿಯಲ್ಲೇ ಕೂತಿದ್ದಳಂತೆ. ಈಗಲೂ ಅದೇ ರಾಗ.

"ಅವಳ ಮೊದಲ್ನೇ ಬಿತ್ತನೆ ಕಣೇ. ನಾನ್ ಬೇಡ, ನೀವ್ ಹೋಗ್ಬನ್ನಿ."

"ನಿನ್ನ ಶಾಸ್ತ್ರಾನ ಇಲ್ಲಿ ಯಾರಮ್ಮಾ ಕೇಳ್ತಾರೆ?" ಎಂದು ರೇಗಿ ಹೊರಟೆ.

ಬಿತ್ತನೆಯೆಂದರೆ ಪೂಜೆಯಿದ್ದೀತೆಂದು ನಾನು ರೇಷ್ಮೆ ಸೀರೆಯುಟ್ಟು, ತಟ್ಟೆಯಲ್ಲಿ ಹಣ್ಣು ಕಾಯಿ ಹಿಡಿದು ಹೋಗಿದ್ದೆ, ಪೆದ್ದಿ! ನಮ್ಮ ಯಜಮಾನರು ಕುತ್ತಿಗೆಗೆ ಹೆಡ್‌ಸೆಟ್ ನೇತುಹಾಕಿಕೊಂಡೇ ಗುಳಿ ತೋಡಿದರು, ಸಾಲೆಲ್ಲ ಅಂಕುಡೊಂಕು. ಹಿಂದೆ ಬೀಜ ಹಾಕುತ್ತ ಪಕ್ಕದವಳೂ ನಾನೂ ನಕ್ಕಿದ್ದೇ ನಕ್ಕಿದ್ದು. ಅಷ್ಟರಲ್ಲಿ ನನ್ನ ಕೆನ್ನೆಗೆ ಏನೋ ಜಿಡ್ಡು ಮೆತ್ತಿತು. ಬಾರ್ಬೆಕ್ಯೂ ಇದ್ದಿಲನ್ನು ಎಣ್ಣೆಯಲ್ಲಿ ಕಲಸಿದ ಮಸಿ! ಅವರಲ್ಲಿ ಬಿತ್ತನೆಗೆ ಬಂದ ಯಾರನ್ನೂ ಮಸಿ ಬಳಿಯದೆ ಬಿಡುವುದಿಲ್ಲವಂತೆ. "ಅಯ್ಯೋ ನನ್ನ ಸೀರೆ!" ಎನ್ನುತ್ತಲೇ ನಾನೂ ಅವಳಿಗೆ ಬಳಿದೆ. ಯಜಮಾನರಿಗೂ ಮೆತ್ತಿದೆವು, ಅವರು ಅದೇ ಮುಖದಲ್ಲಿ ಮೀಟಿಂಗಿಗೆ ಓಡಿ ಕ್ಯಾಮೆರಾ ಆನ್ ಮಾಡಿದರು. ನಾರ್ತ್ ಸಿಡ್ನಿಯ ಬಾಸ್ ಕುರ್ಚಿಯಿಂದ ಬೀಳುವುದೊಂದು ಬಾಕಿ.

"ಅಮ್ಮ ಎಲ್ಲಿ?" ಎಂದಳು ಪಕ್ಕದವಳು. ವಿಧವೆ, ಇಂಥದಕ್ಕೆಲ್ಲ ಬರುವುದಿಲ್ಲ ಎಂದೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

"ನಮ್ಮೆಲ್ಲರಿಗಿಂತ ಹಿರಿಯರು ಅವರು. ಅವರು ಬಿತ್ತದಿದ್ದರೆ ಹೇಗೆ?" ಎಂದವಳೇ ಮಸಿಗೈಯಲ್ಲಿ ನಮ್ಮ ಮನೆಗೆ ನುಗ್ಗಿದಳು.

ನಾನು ಹಿಂದೆಯೇ ಓಡಿದೆ. ಅಮ್ಮ ಡೈನಿಂಗ್ ಟೇಬಲ್ ಸುತ್ತ ಓಡುತ್ತಿದ್ದಳು! "ಬೇಡ್ವೇ, ಬೇಡ್ವೇ" ಎನ್ನುತ್ತಲೇ ಸಿಕ್ಕಿಬಿದ್ದಳು. ಎರಡೂ ಕೆನ್ನೆ ಕಪ್ಪಾದವು. ಆಮೇಲೆ ತಾನೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು, ಉಳಿದ ಸಾಲಿಗೆಲ್ಲ ಬೀಜ ಹಾಕಿ, ಬಟ್ಟಲಿನ ಮಸಿ ಬಾಚಿ ಪಕ್ಕದವಳ ಮೂಗಿಗೆ ಒರೆಸಿದಳು. ನಮ್ಮಮ್ಮನಾ ಇವಳು ಎನಿಸಿತು. ನನಗೆ ಖುಷಿಯೋ ಖುಷಿ.

ಸಂಜೆ ಬಿಸಿನೀರು, ಸೋಪು ತಂದು ಅಮ್ಮನ ಮುಂದಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಇರ್ಲಿ ಬಿಡೇ, ಇನ್ನೊಂದ್ ಸ್ವಲ್ಪ ಹೊತ್ತು. ಎಷ್ಟು ವರ್ಷ ಆಗಿತ್ತು, ನನ್ನ ಮುಖಕ್ಕೆ ಯಾರಾದ್ರೂ ಏನಾದ್ರೂ ಹಚ್ಚಿ."