ಮೊದಲಿದ್ದ ಎರಡು ಲೀಟರ್

ನಮ್ಮ ಫಿಸಿಕ್ಸ್ ಮೇಷ್ಟ್ರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದಾಗ ಹೋದದ್ದಂತೆ. ನಿವೃತ್ತರಾದ ಮೇಲೆ ಅದೇ ಊರಿನ ಜನ್ನಾಪುರದ ಬಾಡಿಗೆ ಮನೆಯ ಹೊರಕೋಣೆಯಲ್ಲಿ ಪಾಠ ಹೇಳುತ್ತಿದ್ದರು, ಅದೂ ಫೇಲಾದವರಿಗೆ ಮಾತ್ರ. ಪಾಸಾದವರು ಯಾರಾದರೂ ಬಂದರೆ, "ನಿಮಗೆ ಶಿವಮೊಗ್ಗದಲ್ಲಿ ಬೇಕಾದಷ್ಟು ಟ್ಯೂಷನ್ ಇದೆಯಪ್ಪ" ಎಂದು ಕಾಫಿ ಕೊಟ್ಟು ಸಾಗಹಾಕುತ್ತಿದ್ದರು.

ನಾನು ಪಿಯುಸಿ ಫಿಸಿಕ್ಸಿನಲ್ಲಿ ಹನ್ನೊಂದು ಅಂಕ ತೆಗೆದ ಮಹಾತಾಯಿ. ಮರುಪರೀಕ್ಷೆಯಲ್ಲೂ ಡುಮ್ಕಿ ಹೊಡೆದರೆ ಓದು ಬಿಡಿಸಿ ಬಟ್ಟೆ ಅಂಗಡಿಗೆ ಸೇರಿಸುವುದೇ ಸೈ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನನಗೆ ಓದುವ ಆಸೆಯಿತ್ತು, ತಲೆಗೆ ಮಾತ್ರ ಹತ್ತುತ್ತಿರಲಿಲ್ಲ.

ಮೊದಲ ದಿನ ಮೇಷ್ಟ್ರು ಕೊಟ್ಟ ಲೆಕ್ಕ ಇನ್ನೂ ನೆನಪಿದೆ. ಒತ್ತಡ ಒಂದು ಲಕ್ಷ ಪಾಸ್ಕಲ್, ಅದು ಬದಲಾಗುವುದಿಲ್ಲ. ಅನಿಲ ಎರಡು ಲೀಟರಿನಿಂದ ಐದು ಲೀಟರಿಗೆ ಹಿಗ್ಗುತ್ತದೆ. ಅದು ಮಾಡಿದ ಕೆಲಸವೆಷ್ಟು? ನಾನು ಐದರಿಂದಲೇ ಗುಣಿಸಿ ಐನೂರು ಜೂಲ್ ಎಂದು ಬರೆದೆ.

"ಮೊದ್ಲೇ ಇದ್ದ ಎರಡು ಲೀಟರಿಗೆ ಗ್ಯಾಸ್ ಏನು ದುಡಿದಿದೆ ಮಾರಾಯ್ತಿ?" ಎಂದರು.

ಬಾಯಿ ಭದ್ರವಾಗಿ ಮುಚ್ಚಿದ್ದ ಒಂದು ಗಾಜಿನ ಸಿರಿಂಜನ್ನು ಬಿಸಿನೀರಿನ ಲೋಟದಲ್ಲಿ ನೆಟ್ಟಗೆ ಹಿಡಿದು, ಅದರ ಪಿಸ್ಟನ್ ತಲೆಯ ಮೇಲೆ ಕಬ್ಬಿಣದ ನಟ್ಟೊಂದನ್ನು ಇಟ್ಟರು. ಒಳಗಿನ ಗಾಳಿ ಕಾದಂತೆ ನಟ್ಟು ಮೆಲ್ಲಗೆ ಮೇಲೇರಿತು.

"ಹೊರೋ ಭಾರ ಅಷ್ಟೇ ಇದೆ, ನೋಡು. ಎಲ್ಲಿಗೆ ಮುಟ್ಟಿತು ಅನ್ನೋದಷ್ಟೇ ಸಾಲದು. ಎಲ್ಲಿಂದ ಹೊರಟಿತೋ ಅದನ್ನ ಕಳೀಬೇಕು."

ಐದರಲ್ಲಿ ಎರಡು ಕಳೆದೆ. ಮುನ್ನೂರು ಜೂಲ್ ಬಂತು.

ಮರುಪರೀಕ್ಷೆಯಲ್ಲಿ ನನಗೆ ಬಂದದ್ದು ಮೂವತ್ತಾರು. ದಡ ಮುಟ್ಟಿದ್ದೆ, ಆದರೆ ಹೇಳಿಕೊಳ್ಳಲು ನಾಚಿಕೆ. ಮೇಷ್ಟ್ರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತೆ.

"ಎಷ್ಟು ಬಂತು?"

"ಬರೀ ಮೂವತ್ತಾರು ಸರ್."

"ಹೋದ ಸಲ?"

"ಹನ್ನೊಂದು."

"ಹಾಗಾದ್ರೆ ಇಪ್ಪತ್ತೈದು ದುಡಿದಿದೀಯ. ಅದನ್ನ ಹೇಳು. ತಲೆ ಎತ್ತಿ ಹೇಳು."

ಈಗ ನಾನು ಶಿವಮೊಗ್ಗದ ದುರ್ಗಿಗುಡಿಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವರ್ಷ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಪಾಠ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದೆ. ಅದೇ ಬಾಡಿಗೆ ಮನೆ, ಅದೇ ಹೊರಕೋಣೆ. ಯಾರೋ ನೆಂಟರು ಪಕ್ಕದವರಿಗೆ ಹೇಳುತ್ತಿದ್ದರು: "ಪಾಪ, ಒಂದು ಸ್ವಂತ ಮನೆ ಸಹ ಮಾಡ್ಕೊಳ್ಳಲಿಲ್ಲ. ಇಷ್ಟು ವರ್ಷ ದುಡಿದು ಏನು ಮಾಡಿದ ಹಾಗಾಯ್ತು?"

ಹನ್ನೊಂದರಿಂದ ಹೊರಟವಳು ಇಲ್ಲೇ ನಿಂತಿದ್ದೇನೆ, ನನ್ನನ್ನು ಕೇಳಿ ಎನ್ನಬೇಕೆನಿಸಿತು. ಆ ನೆಂಟರ ಮುಂದೆ ತಲೆ ಎತ್ತಿಕೊಂಡು ಮಾತ್ರ ನಿಂತೆ.